ಪೂರ್ತಿ ಹಣ ಮುಂಚೆಯೇ ಕೊಡಬೇಡಿ ಸರ್

ನಮಸ್ಕಾರ ಸರ್. ಬ್ಯಾಡಗಿಯಲ್ಲಿ ಮೆಣಸಿನಪುಡಿ ತುಂಬೋದಕ್ಕೆ ಚೀನಾದಿಂದ ಒಂದು ಟನ್ ಹಿಡಿಯುವ ಜಂಬೋ ಬ್ಯಾಗ್ (ದೊಡ್ಡ ಚೀಲ) ತರಿಸಬೇಕು, ಅಲ್ಲಿನ ಮಾರಾಟಗಾರರು ಪೂರ್ತಿ ಹಣ ಮೊದಲೇ ಕೇಳುತ್ತಿದ್ದಾರೆ, ಕೊಡಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಕೊಡಬೇಡಿ. 30 ಪರ್ಸೆಂಟ್ ಮುಂಗಡ, ಉಳಿದ 70 ಬಿಲ್ ಆಫ್ ಲೇಡಿಂಗ್ (ಸರಕು ಹಡಗಿಗೆ ಏರಿಸಿದ ರಸೀದಿ) ಪ್ರತಿ ಕೈಗೆ ಬಂದ ಮೇಲೆ, ಇದೇ ಸಾಮಾನ್ಯ ರೂಢಿ. ಮೊತ್ತ ದೊಡ್ಡದಾದರೆ ನಿಮ್ಮ ಬ್ಯಾಂಕಿನಲ್ಲಿ ಎಲ್‌ಸಿ ತೆರೆಯಿರಿ, ಅಂದರೆ ಲೆಟರ್ ಆಫ್ ಕ್ರೆಡಿಟ್; ಸಾಗಣೆಯ ದಾಖಲೆ ಸರಿಯಿದ್ದರೆ ಮಾತ್ರ ಬ್ಯಾಂಕು ಹಣ ಕೊಡುತ್ತದೆ.

ಇನ್ನೊಂದು ಮಾತು. ಹುಬ್ಬಳ್ಳಿಯಲ್ಲಿ ನಮಗೇ ಆಗಿದ್ದು ಇದು. ಹಣ ಕಳಿಸುವ ಹಿಂದಿನ ದಿನ 'ಖಾತೆ ನಂಬರ್ ಬದಲಾಗಿದೆ' ಅಂತ ಮೇಲ್ ಬಂತು. ಮಾರಾಟಗಾರರ ಹಳೆಯ ಫೋನ್ ನಂಬರಿಗೆ ಕರೆ ಮಾಡಿ ಕೇಳಿದೆವು. ಆ ಮೇಲ್ ಅವರು ಕಳಿಸಿದ್ದೇ ಅಲ್ಲ! ಒಂದು ಫೋನು ನಮ್ಮ ದುಡ್ಡು ಉಳಿಸಿತು.

ಚೀಲದ ವಿಷಯಕ್ಕೆ ಬಂದರೆ, ಮೊದಲು ನಾಲ್ಕೈದು ಸ್ಯಾಂಪಲ್ ತರಿಸಿ. ಹೊಲಿದ ಲೇಬಲ್ ಮೇಲೆ 1000 ಕೆಜಿ, 5:1 ಅಂತಿದ್ದರೆ ಪರೀಕ್ಷೆಯಲ್ಲಿ ಅದು 5 ಟನ್ ಭಾರ ತಡೆದಿರಬೇಕು. ಆ ಟೆಸ್ಟ್ ವರದಿ ಕೇಳಿ ಪಡೆಯಿರಿ. 5:1 ಚೀಲ ಒಂದೇ ಸಲದ ಬಳಕೆಗೆ. ಮತ್ತೆ ಮತ್ತೆ ತುಂಬುವುದಿದ್ದರೆ 6:1 ಬೇಕು. ಕ್ರೇನಿಗೆ ನೇತುಹಾಕಿದಾಗ ಕೆಳಗೆ ನಮ್ಮ ಹುಡುಗರು ನಿಂತಿರುತ್ತಾರೆ ಅಲ್ವಾ?

ಒಣ ಪುಡಿ ಸುರಿಯುವಾಗ ಸ್ಟ್ಯಾಟಿಕ್ ಕರೆಂಟ್ ಹುಟ್ಟುತ್ತದೆ, ಗಾಳಿಯಲ್ಲಿ ಹಾರುವ ದೂಳು ಅದರ ಕಿಡಿಗೆ ಹೊತ್ತಿಕೊಳ್ಳಬಹುದು. ಟೈಪ್ ಎ ಅಂದರೆ ಸಾದಾ ಚೀಲ, ಅದರಲ್ಲಿ ಇದಕ್ಕೆ ಯಾವ ರಕ್ಷಣೆಯೂ ಇಲ್ಲ. ಟೈಪ್ ಸಿ (ಕರೆಂಟ್ ಹರಿಸುವ ಎಳೆಗಳಿರುವ ಚೀಲ) ತಂದರೆ ತುಂಬುವಾಗ, ಖಾಲಿ ಮಾಡುವಾಗ ಅರ್ತಿಂಗ್ ಕೊಡಲೇಬೇಕು. ಒಳಗಿನ ಲೈನರ್ ಫುಡ್ ಗ್ರೇಡ್ ಇರಲಿ.

ಆಮದಿಗೆ ಐಇಸಿ (ಆಮದು-ರಫ್ತು ಕೋಡ್) ನಂಬರ್ ಬೇಕು, ಮಾಡಿಸಿದ್ದೀರಾ? ಅಂದಹಾಗೆ, ಜಂಬೋ ಬ್ಯಾಗ್ ನಮ್ಮ ದೇಶದಿಂದಲೇ ಹೊರಗೆ ಜಾಸ್ತಿ ಹೋಗುತ್ತದೆ. ಗುಜರಾತಿನ ಕಾರ್ಖಾನೆಗಳ ರೇಟನ್ನೂ ಒಮ್ಮೆ ಕೇಳಿ ನೋಡಿ.