ಸಣ್ಣ ವಿಮಾನಗಳು ಇಷ್ಟೊಂದು ತಡ ಯಾಕೆ, ಕೇಳಿದರೆ ಯಾರಿಗೂ ಏನೂ ಗೊತ್ತಿರುವುದಿಲ್ಲ ಯಾಕೆ?

ಒಂದು ಗಂಟೆಯ ಹಾರಾಟಕ್ಕೆ ನಾಲ್ಕು ಗಂಟೆ ಕಾಯಿಸಿದ್ದು ಯಾಕೆ, ಕೌಂಟರಿನಲ್ಲಿ ಇದ್ದವರು ‘ಇನ್ನರ್ಧ ಗಂಟೆ’ ಬಿಟ್ಟು ಬೇರೆ ಮಾತನ್ನೇ ಆಡಲಿಲ್ಲ ಯಾಕೆ ಅಂತ ಕೇಳಿದ್ದೀರಿ. ಕೆಲಸದ ಮೇಲೆ ಎಂಟು ವರ್ಷಗಳಿಂದ ತಿಂಗಳಿಗೆ ಎರಡು ಸಲವಾದರೂ ಇಂಥ ಎಪ್ಪತ್ತು ಸೀಟಿನ ವಿಮಾನ ಹತ್ತುತ್ತಿದ್ದೇನೆ. ನಿಮಗೆ ಬಂದ ಸಿಟ್ಟು ನನಗೂ ಬಂದು, ಹಳತಾಗಿ, ಈಗ ಅರ್ಧ ಕುತೂಹಲವಾಗಿದೆ.

ನಿಮ್ಮ ವಿಮಾನ ಬೆಳಗಿನಿಂದ ಎಲ್ಲೋ ನಿಮಗಾಗಿ ಕಾದು ನಿಂತಿರುತ್ತದೆ ಅನ್ನುವ ಕಲ್ಪನೆಯನ್ನು ಮೊದಲು ಬಿಡಿ. ಎಟಿಆರ್ 72 ಥರದ ವಿಮಾನ ದಿನಕ್ಕೆ ಆರೇಳು ಸಲ ಏರಿ ಇಳಿಯುತ್ತದೆ. ಒಂದೊಂದು ಊರಲ್ಲಿ ಅದು ನಿಲ್ಲುವುದು ಸುಮಾರು ಅರ್ಧ ಗಂಟೆ. ಅಷ್ಟರೊಳಗೆ ಜನ ಇಳಿಯಬೇಕು, ಲಗೇಜ್ ಇಳಿಯಬೇಕು, ಇಂಧನ ತುಂಬಬೇಕು, ಹೊಸಬರು ಹತ್ತಬೇಕು. ಬೆಳಗ್ಗೆ ಮೊದಲ ಊರಲ್ಲಿ ಮಂಜು ಕವಿದು ಐವತ್ತು ನಿಮಿಷ ಕೈತಪ್ಪಿದರೆ ಅದನ್ನು ತುಂಬಿಕೊಳ್ಳಲು ದಿನವಿಡೀ ಎಲ್ಲೂ ಸಂದಿಯಿಲ್ಲ. ದೂರದ ಹಾರಾಟವಾದರೆ ಆಕಾಶದಲ್ಲೇ ಹತ್ತು ನಿಮಿಷ ಉಳಿಸಬಹುದು. ಗಂಟೆಗೆ 500 ಕಿ.ಮೀ. ಆಸುಪಾಸು ಹೋಗುವ ಪ್ರೊಪೆಲರ್ ವಿಮಾನ 300 ಕಿ.ಮೀ. ದಾರಿಯಲ್ಲಿ ಏನು ತಾನೇ ಉಳಿಸೀತು? ವಿಮಾನ ಕಂಪನಿಗಳ ಜಾಗತಿಕ ಒಕ್ಕೂಟವಾದ ಐಎಟಿಎ ತಡದ ಒಂದೊಂದು ಕಾರಣಕ್ಕೂ ಒಂದೊಂದು ಸಂಖ್ಯೆ ಕೊಟ್ಟಿದೆ. ಅದರಲ್ಲಿ 93 ಅಂದರೆ, ಹಿಂದಿನ ಹಾರಾಟ ಮುಗಿಸಿ ಬರಬೇಕಾದ ವಿಮಾನವೇ ತಡ ಅಂತ. ಮೈಕಿನಲ್ಲಿ ಮಾತ್ರ ಅದು ‘ಕಾರ್ಯಾಚರಣೆಯ ಕಾರಣಗಳಿಂದ’ ಅಂತಾಗುತ್ತದೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ.

ಇದರ ಮೇಲೆ ಸಣ್ಣ ನಿಲ್ದಾಣಗಳ ಬಡತನ ಬೇರೆ. ಮಂಜಿನಲ್ಲಿ ದಾರಿ ತೋರಿಸುವ ಐಎಲ್‌ಎಸ್ ಉಪಕರಣ ಎಷ್ಟೋ ಕಡೆ ಇರುವುದೇ ಇಲ್ಲ. ಸಾಧಾರಣ ದರ್ಜೆಯದು ಇದ್ದರೂ ರನ್‌ವೇ ಕನಿಷ್ಠ 550 ಮೀಟರ್ ದೂರದವರೆಗೆ ಕಾಣಬೇಕು. ವಿಮಾನ ಕೆಟ್ಟರೆ ಬಿಡಿಭಾಗ ಬೇರೆ ಊರಿಂದ ಬರಬೇಕು, ಕೆಲವೊಮ್ಮೆ ಮೆಕ್ಯಾನಿಕ್ಕೂ. ಪೈಲಟ್‌ಗಳ ಡ್ಯೂಟಿ ಅವಧಿಗೆ ಕಾನೂನಿನ ಮಿತಿ ಇದೆ. ನಿಲ್ದಾಣಕ್ಕೂ ಬಾಗಿಲು ಹಾಕುವ ಹೊತ್ತಿದೆ: ಕಂಟ್ರೋಲ್ ಟವರಿನವರು, ಅಗ್ನಿಶಾಮಕ ದಳದವರು ಮನೆಗೆ ಹೋದ ಮೇಲೆ ಅಲ್ಲಿ ವಿಮಾನ ಇಳಿಸುವಂತಿಲ್ಲ. ಒಮ್ಮೆ ಮೂರು ಗಂಟೆ ಕಾಯಿಸಿ, ಬಾಗಿಲು ಹಾಕುವ ಹೊತ್ತಾಯಿತೆಂದು ಹಾರಾಟ ರದ್ದು ಮಾಡಿದರು. ಹೊತ್ತು ಮೀರುತ್ತದೆ ಅನ್ನುವುದು ಲೆಕ್ಕ ಬಲ್ಲ ಯಾರಿಗಾದರೂ ಎರಡು ಗಂಟೆ ಮೊದಲೇ ಗೊತ್ತಾಗುತ್ತಿತ್ತು. ಆಗಲೇ ಹೇಳಿದ್ದರೆ ಬಸ್ಸಿನಲ್ಲಾದರೂ ಹೊರಟುಬಿಡುತ್ತಿದ್ದೆ. ತಡವನ್ನು ಕ್ಷಮಿಸಿದ್ದೇನೆ, ಇದನ್ನು ಇನ್ನೂ ಇಲ್ಲ.

ಲಗೇಜಿನ ಕತೆ ಕೇಳಿ. ಒಂದು ಉರಿಬಿಸಿಲಿನ ಮಧ್ಯಾಹ್ನ ಇಳಿದು ಬೆಲ್ಟಿನ ಮುಂದೆ ನಿಂತೆವು. ಏಳೆಂಟು ಬ್ಯಾಗ್ ಬಂದವು, ಬೆಲ್ಟು ನಿಂತಿತು. ಉಳಿದವರು ಮುಖ ಮುಖ ನೋಡಿಕೊಂಡೆವು. ಕಳ್ಳತನವೂ ಅಲ್ಲ, ಮರೆವೂ ಅಲ್ಲ. ಬೇಕೆಂದೇ ಬಿಟ್ಟು ಬಂದಿದ್ದರು! ಗಾಳಿ ಕಾದಷ್ಟೂ ತೆಳುವಾಗುತ್ತದೆ, ರೆಕ್ಕೆಗೂ ಎಂಜಿನ್ನಿಗೂ ಕಸುವು ಸಾಲುವುದಿಲ್ಲ. ರನ್‌ವೇ ಗಿಡ್ಡವಾಗಿದ್ದರೆ ಭಾರ ಇಳಿಸದೆ ಏರುವ ಹಾಗಿಲ್ಲ. ಇಂಧನ ಇಳಿಸಲಾಗದು, ಜನರನ್ನು ಇಳಿಸಿದರೆ ಜಗಳ, ಬ್ಯಾಗಿಗೆ ಬಾಯಿಲ್ಲ. (ಎಟಿಆರ್‌ನಲ್ಲಿ ನಾವು ಹತ್ತುವುದು ಹಿಂದಿನ ಬಾಗಿಲಿನಿಂದ, ಲಗೇಜಿನ ಮುಖ್ಯ ಕೋಣೆ ಇರುವುದು ಮುಂದೆ, ಪೈಲಟ್‌ಗಳ ಬೆನ್ನಿಗೆ. ಜನ ಕಡಿಮೆಯಿದ್ದ ದಿನ ‘ಸ್ವಲ್ಪ ಆ ಸೀಟಿಗೆ ಹೋಗಿ ಕೂರಿ’ ಅನ್ನುವುದು ತೂಕ ಸರಿದೂಗಿಸಲು. ಮೊದಮೊದಲು ನಾನು ಅದನ್ನು ಅವಮಾನ ಅಂದುಕೊಂಡಿದ್ದೆ.)

ಭಾರ ಇಳಿಸಿದ್ದು ಸರಿ. ಆದರೆ ಹೊರಡುವ ಮೊದಲೇ ‘ನಿಮ್ಮ ಬ್ಯಾಗ್ ನಾಳೆ ಬರುತ್ತದೆ’ ಅನ್ನಲು ಏನು ಕಷ್ಟವಿತ್ತು? ಹಾಗಾದಾಗ ಹೊರಗೆ ಕಾಲಿಡುವ ಮೊದಲೇ ಬ್ಯಾಗೇಜ್ ಕೌಂಟರಿನಲ್ಲಿ ಪಿಐಆರ್ ಎಂಬ ದೂರಿನ ಫಾರ್ಮ್ ತುಂಬಿ, ಅದರ ನಂಬರ್ ತೆಗೆದುಕೊಳ್ಳಿ. ಅಂತಾರಾಷ್ಟ್ರೀಯ ಪ್ರಯಾಣವಾಗಿದ್ದರೆ 1999ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಬ್ಯಾಗ್ ಹಾಳಾಗಿದ್ದರೆ 7 ದಿನದೊಳಗೆ, ತಡವಾಗಿ ಸಿಕ್ಕಿದ್ದರೆ ಸಿಕ್ಕ ಮೇಲೆ 21 ದಿನದೊಳಗೆ ಬರಹದಲ್ಲಿ ದೂರು ಕೊಡಬೇಕು. ದೇಶದೊಳಗಿನ ಹಾರಾಟಕ್ಕೆ ಆಯಾ ದೇಶದ ನಿಯಮ. ಇನ್ನೊಂದು: ಈ ವಿಮಾನಗಳಲ್ಲಿ ತಲೆಯ ಮೇಲಿನ ಗೂಡು ಸಣ್ಣದು, ಕೈಚೀಲವನ್ನೂ ಮೆಟ್ಟಿಲ ಬಳಿಯೇ ಕಿತ್ತುಕೊಳ್ಳುತ್ತಾರೆ. ಕೊಡುವ ಮೊದಲು ಔಷಧ, ಪವರ್ ಬ್ಯಾಂಕ್ ತೆಗೆದಿಟ್ಟುಕೊಳ್ಳಿ. ಪವರ್ ಬ್ಯಾಂಕನ್ನು ಹೇಗೂ ಲಗೇಜ್ ಕೋಣೆಯಲ್ಲಿ ಇಡುವಂತಿಲ್ಲ.

ಇನ್ನು ನಿಮ್ಮ ಎರಡನೇ ಪ್ರಶ್ನೆ. ಕೌಂಟರಿನಲ್ಲಿ ಇರುವವರು ಎಷ್ಟೋ ಸಲ ವಿಮಾನ ಕಂಪನಿಯ ನೌಕರರೇ ಅಲ್ಲ, ಗುತ್ತಿಗೆ ಹಿಡಿದ ಗ್ರೌಂಡ್ ಹ್ಯಾಂಡ್ಲಿಂಗ್ ಕಂಪನಿಯವರು. ಸಣ್ಣ ನಿಲ್ದಾಣದಲ್ಲಿ ಚೆಕ್-ಇನ್ ಮಾಡಿದವರೇ ಗೇಟಿನಲ್ಲಿ ಬೋರ್ಡಿಂಗ್ ಪಾಸ್ ಹರಿಯುತ್ತಾರೆ, ಆಮೇಲೆ ಗಾಲಿಕುರ್ಚಿಯನ್ನೂ ತಳ್ಳುತ್ತಾರೆ. ತೀರ್ಮಾನ ಆಗುವುದು ಎಲ್ಲೋ ದೂರದ ಕಂಟ್ರೋಲ್ ರೂಮಿನಲ್ಲಿ. ಇವರಿಗೆ ತಲುಪುವುದು ಹೊಸ ಸಮಯ ಮಾತ್ರ, ಕಾರಣವಲ್ಲ. ಅರ್ಧರ್ಧ ಗಂಟೆ ಮುಂದೂಡುವುದಕ್ಕೆ ಕಂಪನಿಗಳು ಕೊಡುವ ಸಮಜಾಯಿಷಿ ಒಂದಿದೆ: ಮೂರು ಗಂಟೆ ಅಂತ ಒಮ್ಮೆಲೇ ಹೇಳಿದರೆ ಜನ ಚದುರಿಹೋಗುತ್ತಾರೆ, ವಿಮಾನ ಬೇಗ ಸಿದ್ಧವಾದರೆ ಒಬ್ಬರೂ ಸಿಗುವುದಿಲ್ಲ. ಅರ್ಧ ಸತ್ಯ. ಪೂರ್ತಿ ಸತ್ಯವಾಗಿದ್ದರೆ ವಿಮಾನ ಒಮ್ಮೆಯಾದರೂ ಬೇಗ ಸಿದ್ಧವಾಗಬೇಕಿತ್ತಲ್ಲ.

ಅದಕ್ಕೇ ತಡದ ಕಾರಣವನ್ನು ಬರಹದಲ್ಲಿ ಕೊಡಿ ಅಂತ ಕಂಪನಿಯನ್ನೇ ಕೇಳಿ. ಹಾಗೆ ಕೇಳುವುದಕ್ಕೆ ದುಡ್ಡಿನ ಲೆಕ್ಕವೂ ಇದೆ. ಯುರೋಪ್ ಒಕ್ಕೂಟದ 261/2004 ನಿಯಮದಲ್ಲಿ, 1,500 ಕಿ.ಮೀ. ಒಳಗಿನ ಹಾರಾಟ ಮೂರು ಗಂಟೆ ಅಥವಾ ಹೆಚ್ಚು ತಡವಾಗಿ ಮುಟ್ಟಿದರೆ 250 ಯೂರೋ ಪರಿಹಾರ. ಹವಾಮಾನ ಕಾರಣವಾದರೆ ಕೊಡಬೇಕಿಲ್ಲ, ಮಾಮೂಲಿ ಯಂತ್ರದೋಷವಾದರೆ ಕೊಡಬೇಕು. ಎಲ್ಲ ದೇಶಗಳಲ್ಲೂ ಹೀಗಿಲ್ಲ. ಆದರೂ ಮುಂದಿನ ಹಾರಾಟ ತಪ್ಪಿತು ಅಂತ ವಿಮೆ ಕೇಳುವಾಗ ಆ ಕಾಗದ ಕೆಲಸಕ್ಕೆ ಬರುತ್ತದೆ. ಮುಂದಿನ ಹಾರಾಟ ಇದ್ದರೆ ಎರಡೂ ಒಂದೇ ಟಿಕೆಟ್ಟಿನಲ್ಲಿರಲಿ. ಬೇರೆ ಬೇರೆ ಟಿಕೆಟ್ ಆದರೆ ಎರಡನೇ ಕಂಪನಿಯ ಲೆಕ್ಕದಲ್ಲಿ ನೀವು ಬರಲೇ ಇಲ್ಲ, ಅಷ್ಟೆ.

ನಾನು ಈಗ ಸಾಧ್ಯವಾದಷ್ಟೂ ದಿನದ ಮೊದಲ ಹಾರಾಟವನ್ನೇ ಹಿಡಿಯುತ್ತೇನೆ. ಆ ವಿಮಾನ ಹಿಂದಿನ ರಾತ್ರಿಯೇ ಬಂದು ನಿಂತಿರುತ್ತದೆ. ಸಂಜೆಯದ್ದೇ ಗತಿಯಾದರೆ ‘ಯಾವಾಗ ಹೊರಡುತ್ತೆ’ ಅಂತ ಕೇಳುವುದಿಲ್ಲ. ‘ನಮ್ಮನ್ನು ಕರೆದೊಯ್ಯುವ ವಿಮಾನ ಯಾವುದು, ಈಗ ಎಲ್ಲಿದೆ’ ಅಂತ ಕೇಳುತ್ತೇನೆ. ಅದರ ನೋಂದಣಿ ಸಂಖ್ಯೆ ಸಿಕ್ಕರೆ, ಯಾವ ವಿಮಾನ ಎಲ್ಲಿದೆ ಅಂತ ತೋರಿಸುವ ಫ್ಲೈಟ್‌ರಾಡಾರ್24ರಲ್ಲಿ ನೋಡಿಕೊಳ್ಳಬಹುದು. ಹೋದ ತಿಂಗಳು ಗೇಟಿನಲ್ಲಿದ್ದ ಹುಡುಗಿ ಸಂಖ್ಯೆ ಹೇಳಿದಳು. ಹುಡುಕಿದರೆ ವಿಮಾನ ಇನ್ನೂ ಎರಡು ಊರು ಆಚೆ ನೆಲದ ಮೇಲೇ ಇತ್ತು. ಬೋರ್ಡಿನಲ್ಲಿ ಮಾತ್ರ ಇಪ್ಪತ್ತು ನಿಮಿಷಕ್ಕೆ ಹೊರಡುತ್ತದೆ ಅಂತಿತ್ತು. ಫೋನು ತಿರುಗಿಸಿ ಅವಳಿಗೆ ತೋರಿಸಿದೆ. ಒಂದು ಕ್ಷಣ ದಿಟ್ಟಿಸಿ, ‘ಸರ್, ಇದು ಯಾವ ಆ್ಯಪ್?’ ಅಂದಳು.