ಸೂಜಿ ಫ್ರೆಂಡ್ಸ್ ಜೊತೆ ಮಾತ್ರ ಶೇರ್ ಮಾಡಿದ್ದೆ, ಎಚ್‌ಐವಿ ಟೆಸ್ಟ್ ಬೇಕಾ?

ಪ್ರಶ್ನೆ: ಸರ್, ನಂಗೆ 28, ಬೆಂಗಳೂರಲ್ಲಿ ಡೆಲಿವರಿ ಕೆಲಸ. ರೂಮಲ್ಲಿ ನಾವು ಮೂರು ಜನ ಪೇನ್ ಕಿಲ್ಲರ್ ಇಂಜೆಕ್ಟ್ ಮಾಡ್ಕೊಳ್ತಿದ್ವಿ, ಸಿರಿಂಜ್ ನಮ್ಮಲ್ಲೇ ಶೇರ್, ಬಿಸಿನೀರಲ್ಲಿ ತೊಳೀತಿದ್ವಿ. ಬಿಟ್ಟು ಐದು ತಿಂಗಳಾಯ್ತು. ದುಡ್ಡು ಕೊಟ್ಟು ಯಾರ ಹತ್ರನೂ ಹೋಗಿಲ್ಲ, ಒಬ್ಳೇ ಹುಡುಗಿ, ಮುಂದಿನ ತಿಂಗಳು ಅವಳ ಜೊತೆನೇ ಮದುವೆ. ಟೆಸ್ಟ್ ಬೇಕಾ? ಪೊಲೀಸರಿಗೆ ಗೊತ್ತಾಗುತ್ತಾ?

ಉತ್ತರ: ಬೇಕು, ಈ ವಾರವೇ ಮಾಡಿಸಿ. ಮೊದಲು ಬಿಟ್ಟಿದ್ದಕ್ಕೆ ಶಹಬ್ಬಾಸ್, ಅದು ಸುಲಭ ಅಲ್ಲ.

ನೀವು ಲೆಕ್ಕ ಹಾಕಿರೋದು ಹುಡುಗಿ ಎಂಥವಳು ಅಂತ, ಆದ್ರೆ ಇಲ್ಲಿ ಅಪಾಯ ಬಂದಿರೋದು ಸೂಜಿಯಿಂದ. ನರ ಸಿಕ್ತಾ ಅಂತ ನೋಡೋಕೆ ಸ್ವಲ್ಪ ರಕ್ತ ವಾಪಸ್ ಎಳ್ಕೊಳ್ತೀರಲ್ಲ, ಅದು ಸಿರಿಂಜ್ ಒಳಗೆ ಉಳ್ಕೊಳುತ್ತೆ, ಬಿಸಿನೀರಲ್ಲಿ ಒಂದೆರಡು ಸಲ ತೊಳೆದ ಮಾತ್ರಕ್ಕೆ ಸೇಫ್ ಆಗಲ್ಲ, ಆ ರಕ್ತದಲ್ಲಿ ಎಚ್‌ಐವಿ ವಾರಗಟ್ಟಲೆ ಬದುಕಬಹುದು. ಮಾತ್ರೆ ಕರಗಿಸೋ ಮುಚ್ಚಳ, ಹತ್ತಿ, ನೀರು ಹಂಚ್ಕೊಂಡ್ರೂ ರಿಸ್ಕೇ. ಮತ್ತೆ ಆ ಇನ್ನಿಬ್ರು ನೀವಿಲ್ದಾಗ ಬೇರೆ ಯಾರ ಜೊತೆ ಹಾಕ್ಕೊಂಡ್ರು ಅಂತ ನಿಮಗೇನು ಗೊತ್ತು?

ನಮ್ಮ ಹತ್ರ ಬರೋ ಗಂಡಸರು ಹೊರಗೆ ಹೋದ್ರೆ ಕಾಂಡೋಮ್ ಹಾಕ್ತಾರೆ, ನಂಬಿದವಳ ಹತ್ರ ಹಾಕಲ್ಲ, ಕೇಳಿದ್ರೆ 'ಅವಳು ಅಂಥವಳಲ್ಲ ಸಾರ್' ಅಂತಾರೆ. ಅವಳು ಅಂಥವಳಲ್ಲ ಸರಿ, ಸೂಜಿ ಚುಚ್ಕೊಂಡವರು ನೀವಲ್ವಾ! ಮಣಿಪುರದಲ್ಲಿ 1990ರ ಹೊತ್ತಿಗೆ ಸೂಜಿ ಹಾಕೋ ಹುಡುಗರಲ್ಲಿ ಎಚ್‌ಐವಿ ಬೆಂಕಿ ಥರ ಹಬ್ಬಿ ಆಮೇಲೆ ಅವರ ಹೆಂಡತಿಯರಿಗೂ ಬಂತು, ಗಂಡನ್ನ ಬಿಟ್ಟು ಬೇರೆ ಯಾರನ್ನೂ ಮುಟ್ಟದ ಹೆಂಗಸರಿಗೂ. ಇನ್ನೊಂದು ವಿಷಯ ಯಾರೂ ಹೇಳಲ್ಲ, ಈ ಡ್ರಗ್ಸ್ ತಗೊಳ್ಳುವಾಗ ಸೆಕ್ಸ್ ಆಸೆ ಕಮ್ಮಿ ಇರುತ್ತೆ, ಬಿಟ್ಮೇಲೆ ವಾಪಸ್ ಬರುತ್ತೆ, ಹಾಗಾಗಿ ರಿಪೋರ್ಟ್ ಕೈಗೆ ಬರೋ ತನಕ ಕಾಂಡೋಮ್ ಕಡ್ಡಾಯ.

ವಿಕ್ಟೋರಿಯಾ, ಬೌರಿಂಗ್ ಥರ ಸರ್ಕಾರಿ ಆಸ್ಪತ್ರೆಲಿ ಐಸಿಟಿಸಿ (ಎಚ್‌ಐವಿ ಕೌನ್ಸೆಲಿಂಗ್, ಟೆಸ್ಟ್ ಮಾಡೋ ಸೆಂಟರ್) ಅಂತ ಕೇಳಿ, ಟೆಸ್ಟ್ ಫ್ರೀ. ಪೊಲೀಸರಿಗೆ ಹೇಳೋ ಕೆಲಸ ಅವರದ್ದಲ್ಲ, 2017ರ ಎಚ್‌ಐವಿ ಕಾಯ್ದೆ ಪ್ರಕಾರ ರಿಪೋರ್ಟ್ ಗುಟ್ಟಾಗಿಡಬೇಕು. ಸೂಜಿ ಬಿಟ್ಟು ಮೂರು ತಿಂಗಳು ದಾಟಿರೋದ್ರಿಂದ ಈಗ ನೆಗೆಟಿವ್ ಬಂದ್ರೆ ಆ ಸೂಜಿಯಿಂದ ಎಚ್‌ಐವಿ ಬಂತಾ ಅನ್ನೋ ಚಿಂತೆ ಮುಗೀತು. ಪಾಸಿಟಿವ್ ಬಂದ್ರೂ ಮದುವೆ ಮುರಿಯೋದೇ ದಾರಿ ಅಲ್ಲ, ಎಚ್‌ಐವಿನ ಹತೋಟಿಯಲ್ಲಿಡೋ ಎಆರ್‌ಟಿ ಮಾತ್ರೆ ಫ್ರೀ, ತಪ್ಪದೆ ತಗೊಂಡು ರಕ್ತದಲ್ಲಿ ವೈರಸ್ ಕಾಣದಷ್ಟು ಇಳಿದು ಹಾಗೇ ಉಳಿದ್ರೆ ಸೆಕ್ಸ್ ಮೂಲಕ ಅವಳಿಗೆ ಹರಡಲ್ಲ. ಆದ್ರೆ ಈ ಮಾತು ಸೆಕ್ಸ್‌ಗೆ ಮಾತ್ರ, ಸೂಜಿ ಶೇರ್ ಮಾಡೋಕೆ ಲೈಸೆನ್ಸ್ ಅಲ್ಲ. ಅವಳಿಗೆ ಮದುವೆಗೆ ಮುಂಚೆನೇ ಹೇಳಬೇಕು, ಒಬ್ರೇ ಹೇಳೋಕೆ ಆಗಲ್ಲ ಅಂದ್ರೆ ಕೌನ್ಸೆಲರ್ ಮುಂದೆ ಕೂತು ಹೇಳಿ.

ಲಿವರ್‌ಗೆ ಬರೋ ಸೋಂಕು ಹೆಪಟೈಟಿಸ್ ಬಿ, ಸಿ ಟೆಸ್ಟೂ ಅದೇ ದಿನ ಮಾಡಿಸಿ, ಸೂಜಿಯಿಂದ ಸಿ ಎಚ್‌ಐವಿಗಿಂತ ಸಲೀಸಾಗಿ ಅಂಟುತ್ತೆ, ಖುಷಿ ವಿಷಯ ಅಂದ್ರೆ ಸಾಮಾನ್ಯವಾಗಿ ಮೂರು ತಿಂಗಳ ಮಾತ್ರೆಯಲ್ಲಿ ವಾಸಿನೂ ಆಗುತ್ತೆ. ಮತ್ತೆ ತಗೋಬೇಕು ಅನ್ಸಿದ್ರೆ ನಿಮ್ಹಾನ್ಸ್ ಅಡಿಕ್ಷನ್ ಸೆಂಟರಿಗೆ ಹೋಗಿ, ಆ ಚಟದ ಆಸೆ ತಗ್ಗಿಸೋ ಬುಪ್ರೆನಾರ್ಫಿನ್ ಮಾತ್ರೆ ಕೊಟ್ಟು ನೋಡ್ಕೋತಾರೆ. ಇಷ್ಟು ಗ್ಯಾಪ್ ಆದ್ಮೇಲೆ ಹಳೇ ಡೋಸ್ ಹಾಕ್ಕೊಂಡ್ರೆ ಉಸಿರು ನಿಂತು ಜೀವವೇ ಹೋಗಬಹುದು, ದೇಹ ಅದನ್ನ ತಡ್ಕೊಳ್ಳೋ ಶಕ್ತಿ ಕಳ್ಕೊಂಡಿರುತ್ತೆ. ಆ ಇಬ್ಬರು ರೂಮ್ ಮೇಟ್ಸ್‌ನೂ ಟೆಸ್ಟಿಗೆ ಕರ್ಕೊಂಡೇ ಹೋಗಿ, ಹಿಂಜರಿದ್ರೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಿ ಮಾತಾಡೋಕೆ ಹೇಳಿ, ಹೆಸರು ಹೇಳಬೇಕಿಲ್ಲ.