ನೆನಪಿಟ್ಟುಕೊಳ್ಳುವುದು ಯಾರ ಕೆಲಸ?

ಮಾನ್ಯ ಸೋದರಿಯವರೇ,

ಚನ್ನರಾಯಪಟ್ಟಣ ತಾಲ್ಲೂಕಿನಿಂದ ತಾವು ಬರೆದ ಪತ್ರ ತಲುಪಿದೆ. ಐದನೆಯ ತರಗತಿಯ ಮಗ ಯಾವ ಕೆಲಸವನ್ನೂ ತಾನಾಗಿ ಮಾಡುವುದಿಲ್ಲ, ಸಂಜೆ ಡೇರಿಗೆ ಹಾಲು ಹಾಕಲು ಕಳುಹಿಸಿದರೆ ದಾರಿಯಲ್ಲಿ ಆಟಕ್ಕೆ ನಿಂತು, ಡೇರಿಯ ಬಾಗಿಲು ಹಾಕಿದ ಮೇಲೆ ತುಂಬಿದ ಕ್ಯಾನಿನೊಂದಿಗೇ ಮರಳಿದ, ದೊಡ್ಡ ಮಗಳಾದರೋ ಹೇಳುವ ಮೊದಲೇ ಎಲ್ಲವನ್ನೂ ಮುಗಿಸುತ್ತಾಳೆ ಎಂದು ಬರೆದು, ಅವನಿಗೆ ದಿನಕ್ಕೆ 10 ರೂಪಾಯಿ ಕೊಟ್ಟು ನೋಡಲೇ ಎಂದು ಕೇಳಿದ್ದೀರಿ.

ಹಣದ ಮಾತನ್ನು ಮೊದಲು ಮುಗಿಸುತ್ತೇನೆ: ಕೊಡಬೇಡಿ. ಮನೆಯ ಹಾಲು ಮುಟ್ಟಿಸಲು ಇಂದು 10 ರೂಪಾಯಿ ಪಡೆದವನು ನಾಳೆ 20 ಕೇಳಿದರೆ ತಪ್ಪು ಅವನದಲ್ಲ.

‘ದಿನವೂ ಹತ್ತು ಸಲ ಹೇಳಿ ಕಳುಹಿಸುತ್ತೇನೆ’ ಎಂದಿದ್ದೀರಿ. ಹಾಗಾದರೆ ಹೊತ್ತನ್ನು ನೆನಪಿಟ್ಟುಕೊಂಡಿರುವವರು ತಾವು. ಅವನ ಪಾಲಿಗೆ ಇರುವುದು ಕ್ಯಾನು ಹೊರುವುದಷ್ಟೇ. ಕೆಲಸವನ್ನು ಹೀಗೆ ತುಂಡು ಮಾಡದೆ ಇಡಿಯಾಗಿ ಒಪ್ಪಿಸಿ. ಮೊದಲ ನಾಲ್ಕು ದಿನ ಜೊತೆಗೆ ಹೋಗಿ, ಹಾಲು ಅಳೆಯುವುದನ್ನೂ, ಮಾದರಿ ತೆಗೆದು ಜಿಡ್ಡಿನಂಶ ನೋಡುವುದನ್ನೂ ತೋರಿಸಿ, ಪಾಸ್‌ಬುಕ್ಕನ್ನು ಅವನ ಕೈಗೇ ಕೊಡಿ. ಬಟವಾಡೆಯ ದಿನ ಲೀಟರುಗಳನ್ನು ಕೂಡಿ ಲೆಕ್ಕ ತಾಳೆ ನೋಡುವವನೂ ಅವನೇ ಆಗಲಿ. ದಶಮಾಂಶ ಕಲಿಯಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ತಿಳಿದಿಲ್ಲ. ಆಮೇಲೆ ತಾವು ಸುಮ್ಮನಿರಬೇಕು. ಇದೇ ಕಷ್ಟದ ಭಾಗ. ಮಗಳು ಮರೆತ ಛತ್ರಿಯನ್ನು ಹಿಡಿದು ವರ್ಷಗಟ್ಟಲೆ ಶಾಲೆಯ ಬಾಗಿಲಿಗೆ ಓಡಿದವನು ನಾನು, ಆದ್ದರಿಂದ ಉಪದೇಶದ ಧಾಟಿಯಲ್ಲಿ ಇದನ್ನು ಹೇಳುತ್ತಿಲ್ಲ.

ಒಂದೆರಡು ಸಲ ಹಾಲು ಮರಳಿ ಬಂದೀತು. ಆಗ ಬೈಯುವುದೂ ಬೇಡ, ‘ಹೋಗಲಿ ಬಿಡು’ ಎನ್ನುವುದೂ ಬೇಡ. ಆ ರಾತ್ರಿ ಅವನೂ ತಮ್ಮೊಡನೆ ಒಲೆಯ ಮುಂದೆ ನಿಂತು, ಹಾಲು ಕಾಯ್ದು ಉಗುರುಬೆಚ್ಚಗಾಗುವವರೆಗೆ ಕಾದು, ಹೆಪ್ಪು ಹಾಕಲಿ. ಮರುದಿನ ಶಾಲೆಯಿಂದ ಬಂದ ಮೇಲೆ ಕಡೆಯುವುದಕ್ಕೂ ಕೈಹಾಕಲಿ. ಪಾಸ್‌ಬುಕ್ಕಿನಲ್ಲಿ ಆ ಸಂಜೆಯ ಸಾಲು ಖಾಲಿ ಉಳಿದದ್ದನ್ನು ಅವನೇ ಕಾಣುತ್ತಾನೆ.

ಕೆಲಸದ ಆಯ್ಕೆಯಲ್ಲಿ ಮಾತ್ರ ಎಚ್ಚರವಿರಲಿ. 14 ವರ್ಷದೊಳಗಿನ ಮಕ್ಕಳು ಶಾಲೆಯ ಹೊತ್ತು ಮುಗಿದ ಮೇಲೆ ಮನೆಯವರಿಗೆ ನೆರವಾಗುವುದನ್ನು 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆ ಒಪ್ಪುತ್ತದೆ, ಅಪಾಯದ ಕೆಲಸವನ್ನು ಒಪ್ಪುವುದಿಲ್ಲ. ಮೇವು ಕತ್ತರಿಸುವ ಯಂತ್ರದ ಹತ್ತಿರ ಅವನನ್ನು ಬಿಡಲೇಬೇಡಿ.

ಇನ್ನು ತಮ್ಮ ಮಗಳ ವಿಚಾರ. ಅವಳನ್ನು ಹೊಗಳಲೆಂದು ತಾವು ಬರೆದ ಸಾಲಿನಲ್ಲೇ ಅರ್ಧ ಉತ್ತರವಿದೆ: ತಮ್ಮ ಬಿಟ್ಟದ್ದನ್ನು ಅಕ್ಕ ಎತ್ತಿಕೊಳ್ಳುತ್ತಾಳೆಂಬುದು ಅವನಿಗೆ ಚೆನ್ನಾಗಿ ಗೊತ್ತು. ಹೊತ್ತು ಮೀರುತ್ತಿದ್ದರೂ ಆ ಕ್ಯಾನನ್ನು ಮುಟ್ಟಬಾರದೆಂದು ಅವಳಿಗೂ ಹೇಳಿ, ಆ ಅರ್ಧ ಗಂಟೆ ಅವಳನ್ನು ಆಟಕ್ಕೆ ಕಳುಹಿಸಿ.

— ಸಂಪಾದಕ